ಕಿಂಡಿ ಬಿಟ್ಟ ಫೈಲು

ಫೈಲು ಯಾವತ್ತೂ ಪೂರ್ತಿ ಇರಬಾರದು. ಇದು ನಾನು ಕಂಡುಹಿಡಿದ ಸೂತ್ರ. ಹೊಗಳಿಕೆ, ಬೈಗುಳ ಏನೇ ಬಂದರೂ ನನಗೇ ಸೇರಬೇಕು.

ನಮ್ಮದು ಇನ್ನೂರು ಹಾಸಿಗೆಯ ಖಾಸಗಿ ಆಸ್ಪತ್ರೆ. ನಾಲ್ಕನೇ ಮಹಡಿಯ ಕಿಟಕಿಯಿಲ್ಲದ ಉದ್ದ ಕೋಣೆಯಲ್ಲಿ ಕ್ಲೇಮು ವಿಭಾಗ. ಇಪ್ಪತ್ತೊಂದು ಜನ, ಇಪ್ಪತ್ತೊಂದು ಕಂಪ್ಯೂಟರು, ಸರಿಯಾಗಿ ತಿರುಗುವ ಫ್ಯಾನು ಮಾತ್ರ ಒಂದೇ. ಹನ್ನೊಂದು ವಿಮಾ ಕಂಪನಿಗಳ ಜೊತೆ ನಮ್ಮ ಏಗಾಟ. ಒಂದಕ್ಕೆ ಡಾಕ್ಟರ ಸಹಿ ನೀಲಿ ಶಾಯಿಯಲ್ಲೇ ಬೇಕು, ಇನ್ನೊಂದಕ್ಕೆ ನೀಲಿ ಕಂಡರಾಗದು. ಒಂದೇ ಮಂಡಿಯ ಸ್ಕ್ಯಾನಿಗೆ ಹನ್ನೊಂದು ಕಂಪನಿಗೆ ಹನ್ನೊಂದು ದರ. ವಿಮೆಯಿಲ್ಲದೆ ಕೈಯಲ್ಲಿ ದುಡ್ಡು ಹಿಡಿದು ಬಂದ ಬಡಪಾಯಿಗೆ ಹನ್ನೆರಡನೆಯ ದರ, ಅದು ಎಲ್ಲಕ್ಕಿಂತ ಹೆಚ್ಚು. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡವಳು ನಾನು. ಇಪ್ಪತ್ತನಾಲ್ಕು ವರ್ಷದ ಸರ್ವಿಸು. ಕೆಳಗಿನವರು ಪ್ರೀತಿಯಿಂದ ಕ್ಲೇಮಕ್ಕ ಅನ್ನುತ್ತಾರೆ, ಮೇಲಿನವರು ಕೆಲಸ ಬಿದ್ದಾಗ ಅನ್ನುತ್ತಾರೆ.

ಸೂತ್ರ ಇಷ್ಟೇ. ಆಪರೇಷನ್ನಿಗೆ ಮೊದಲು ಕಂಪನಿಯ ಅನುಮತಿ ಬೇಕು. ಎಲ್ಲ ಕಾಗದ ಜೋಡಿಸಿ ಕಳಿಸಿದಿರೋ, ಕೆಟ್ಟಿರಿ. ಅಲ್ಲಿ ಕೂತವನಿಗೆ ಸಂಬಳ ಕೊಡುವುದೇ ತಪ್ಪು ಹುಡುಕಲಿಕ್ಕೆ. ಪೂರ್ತಿ ಫೈಲು ಕಂಡರೆ ಅವನು 'ಈ ಆಪರೇಷನ್ ನಿಜವಾಗಿಯೂ ಬೇಕಾ?' ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡಲು ಡಾಕ್ಟರು, ಡಾಕ್ಟರ ಪತ್ರ, ಪತ್ರಕ್ಕೆ ಮರುಪತ್ರ ಎಂದು ವಾರ ಹೋಗುತ್ತದೆ. ಅದಕ್ಕೇ ನಾವು ಒಂದು ಕಾಗದವನ್ನು ಬೇಕೆಂದೇ ತೆಗೆದಿಡುತ್ತೇವೆ. ಅವನಿಗೆ ಆ ತೆರವು ಕಾಣುತ್ತದೆ, ಆ ಕಾಗದ ಕೇಳುತ್ತಾನೆ, ಅವನ ದಿನದ ಲೆಕ್ಕಕ್ಕೆ ಒಂದು ಆಕ್ಷೇಪಣೆ ಸಿಕ್ಕಿತು. ನಾವು ಕಾಗದ ಕಳಿಸುತ್ತೇವೆ, ಸಂಜೆಯೊಳಗೆ ಅನುಮತಿ. ಇದಕ್ಕೆ ನಮ್ಮಲ್ಲಿ 'ಕಿಂಡಿ ಬಿಡುವುದು' ಎಂದು ಹೆಸರು. ಹೊಸಬರು ಸೇರಿದ ದಿನವೇ ನಾನು ಕಲಿಸುತ್ತಿದ್ದುದು ಇದನ್ನೇ.

ಎಲ್ಲಕ್ಕಿಂತ ದೊಡ್ಡ ಕಂಪನಿಯಲ್ಲಿ ನನ್ನ ಫೈಲು ನೋಡುತ್ತಿದ್ದವನು ಒಬ್ಬನೇ. ಒಂಬತ್ತು ವರ್ಷ ಫೋನಿನಲ್ಲಿ ಮಾತಾಡಿದ್ದೇನೆ, ಮುಖ ನೋಡಿಲ್ಲ. ಬೇಸಿಗೆಯಲ್ಲೂ ಮೂಗು ಕಟ್ಟಿದ ದನಿ. ನಾವು ಅವನನ್ನು ನೆಗಡಿಯವನು ಅನ್ನುತ್ತಿದ್ದೆವು. "ಕಿಂಡಿ ಸಿಕ್ತು ಮೇಡಂ, ಕಳಿಸ್ಬಿಡಿ," ಎನ್ನುತ್ತಿದ್ದ. ಒಳ್ಳೆಯವನೇ. ನಾವಿಬ್ಬರೂ ಒಳ್ಳೆಯವರೇ, ಹಾಗಂತ ನಾನು ತಿಳಿದುಕೊಂಡಿದ್ದೆ.

ಆ ಸೋಮವಾರ ಹಣಕಾಸು ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದರು. ಕುರ್ಚಿ ತೋರಿಸಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಕುರ್ಚಿ ತೋರಿಸಿದ್ದು ಅದೇ ಮೊದಲು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಸರ್ಕಾರ ಒಂದು ಮಸೂದೆ ತಂದಿತ್ತು. ಹನ್ನೊಂದು ಕಂಪನಿಗಳ ಬದಲು ಒಂದೇ ನಿಧಿ. ತೆರಿಗೆಯ ದುಡ್ಡು ಅದಕ್ಕೆ ಸೇರುತ್ತದೆ, ಯಾರು ಯಾವ ಆಸ್ಪತ್ರೆಗೆ ಹೋದರೂ ಬಿಲ್ಲು ಅದೇ ಕಟ್ಟುತ್ತದೆ, ಒಂದು ಚಿಕಿತ್ಸೆಗೆ ಒಂದೇ ದರ. ಜನರ ಅಭಿಪ್ರಾಯ ಕೇಳಲು ಸಮಿತಿಯೊಂದು ನಮ್ಮೂರಿಗೆ ಬರುವುದಿತ್ತು. ಮುಂದಿನ ಮಂಗಳವಾರ ಆಸ್ಪತ್ರೆಯವರ, ನೌಕರರ ಸರದಿ, ಬುಧವಾರ ರೋಗಿಗಳದ್ದು.

"ಇದು ಪಾಸಾದ್ರೆ ನಿಮ್ಮ ವಿಭಾಗಾನೇ ಇರಲ್ಲ ಮೇಡಂ. ಇಪ್ಪತ್ತೊಂದು ಮನೆ ಒಲೆ ಆರುತ್ತೆ," ಎಂದರು ಮುಖ್ಯಸ್ಥರು. "ಅದನ್ನ ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವು ಹೇಳ್ಬೇಕು."

ಸಮಿತಿಯ ಮುಂದೆ ನಾನು ಓದಬೇಕಾದ ಮಾತನ್ನು ಟೈಪು ಮಾಡಿದ ಹಾಳೆ ಮುಂದಿಟ್ಟರು. ಆಮೇಲೆ ಬೆಣ್ಣೆ ಹಚ್ಚಿದರು. ಎರಡು ತಿಂಗಳಲ್ಲಿ ನನ್ನ ನಿವೃತ್ತಿ. ಅದನ್ನು ಮೂರು ವರ್ಷ ಮುಂದಕ್ಕೆ ಹಾಕುತ್ತಾರಂತೆ, ವಿಮೆಯ ಸಮೇತ.

ಆ ಕೊನೆಯ ಎರಡು ಪದಕ್ಕೆ ನಾನು ಬಿದ್ದೆ. ನನ್ನ ಗಂಡನಿಗೆ ಎರಡೂ ಕಿಡ್ನಿ ಹೋಗಿವೆ. ಸೋಮ, ಬುಧ, ಶುಕ್ರ ಇದೇ ಆಸ್ಪತ್ರೆಯ ನೆಲಮಹಡಿಯಲ್ಲಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಅದೆಲ್ಲ ನಡೆಯುವುದು ನನ್ನ ನೌಕರಿಯ ವಿಮೆಯ ಮೇಲೆ. ನೌಕರಿ ಮುಗಿದ ತಿಂಗಳ ಕೊನೆಗೆ ವಿಮೆಯೂ ಮುಗಿಯುತ್ತದೆ. ಕಿಡ್ನಿ ಹೋದವನಿಗೆ ಹೊಸದಾಗಿ ವಿಮೆ ಕೊಡುವ ಕಂಪನಿ ಒಂದಾದರೂ ಇದೆಯೇ ಎಂದು ಹನ್ನೊಂದಕ್ಕೂ ಫೋನ್ ಮಾಡಿ ಕೇಳಿದ್ದೆ. ಒಂದೂ ಇಲ್ಲ. ಕೈಯಿಂದ ಕಟ್ಟುವುದಾದರೆ ನಮ್ಮ ಉಳಿತಾಯ ನಾಲ್ಕು ತಿಂಗಳಿಗೆ ಬರುತ್ತಿತ್ತು. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ನಾಚಿಕೆಯೇನೂ ಆಗಲಿಲ್ಲ.

ಮನೆಗೆ ಹೋಗಿ ಹೇಳಿದಾಗ ನನ್ನ ಗಂಡನ ಮುಖ ಅರಳಿತು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಖುಷಿಯಾದರೂ ಸೀದಾ ತೋರಿಸುವುದಿಲ್ಲ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಗಟ್ಟಿಯಾಗಿ ಓದಿದ.

"ಸ್ಪರ್ಧೆ ಇದ್ದರೆ ಖರ್ಚು ಇಳಿಯುತ್ತದೆ ಅಂತೆ," ಎಂದು ನಕ್ಕ. "ನನ್ನ ಬಸ್ಸಿಗೆ ಹನ್ನೊಂದು ಜನ ಕಂಡಕ್ಟರ್ ಹಾಕಿದಂಗೆ ಆಯ್ತು ಇದು. ಒಬ್ಬೊಬ್ಬಂದು ಒಂದೊಂದು ಬಣ್ಣದ ಟಿಕೆಟ್ಟು. ಅಷ್ಟೂ ಜನರ ಸಂಬಳ ಯಾರ ಜೇಬಿಂದ? ಕೂತಿರೋ ಪ್ಯಾಸೆಂಜರ್ ಜೇಬಿಂದ. ಟೈರಿಗೆ ದುಡ್ಡಿಲ್ಲ, ಕಂಡಕ್ಟರಿಗಿದೆ. ನೀನು ಇದನ್ನ ನಂಬ್ತೀಯೇನೇ?"

"ಅದು ನಂಬೋದಕ್ಕಲ್ಲ ರೀ, ಓದೋದಕ್ಕೆ," ಎಂದೆ.

"ಹಾಗಾದ್ರೆ ಚೆನ್ನಾಗಿ ಓದು. ತಡವರಿಸ್ಬೇಡ." ಹಾಳೆಯನ್ನು ಮಡಚಿ ಜೋಪಾನವಾಗಿ ವಾಪಸು ಕೊಟ್ಟ. ಆ ದಿನ ಅವನು ತುಂಬ ಹೊತ್ತು ಸಿಳ್ಳೆ ಹಾಕುತ್ತಿದ್ದ. ಎರಡು ವರ್ಷದಿಂದ ಆ ಸಿಳ್ಳೆ ನಾನು ಕೇಳಿರಲಿಲ್ಲ.

ಮಾರನೆಯ ದಿನ ಒಂದು ಫೈಲು ಬಂತು. ನಮ್ಮ ಆಸ್ಪತ್ರೆಯದೇ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆಯುವವಳು, ಗುತ್ತಿಗೆಯ ಕೆಲಸದವಳು. ಕಾಲಿನ ರಕ್ತನಾಳ ಕಟ್ಟಿಕೊಂಡು ಪಾದಕ್ಕೆ ರಕ್ತ ಇಳಿಯುತ್ತಿರಲಿಲ್ಲ. 'ಆಪರೇಷನ್ ಎರಡು ದಿನದೊಳಗೆ ಆಗಬೇಕು' ಎಂದು ಸರ್ಜನ್ ಬರೆದಿದ್ದರು. ನೆಗಡಿಯವನ ಕಂಪನಿಯ ವಿಮೆ. ಒಂದು ಗಂಟೆಯ ಕೆಲಸ ಎಂದುಕೊಂಡೆ. ಸ್ಕ್ಯಾನ್ ವರದಿಯ ಎರಡನೇ ಹಾಳೆ ತೆಗೆದಿಟ್ಟು ಕಳಿಸಿದೆ.

ಸಂಜೆಯಾದರೂ ಫೋನು ಬರಲಿಲ್ಲ. ರಜೆಯಿರಬೇಕು ಎಂದುಕೊಂಡೆ. ಬುಧವಾರ ಮಧ್ಯಾಹ್ನ ನಾನೇ ಫೋನ್ ಮಾಡಿದರೆ ಯಂತ್ರ ಮಾತಾಡಿತು. ಅಲ್ಲಿ ಇಲ್ಲಿ ವಿಚಾರಿಸಿದರೆ, ನೆಗಡಿಯವನ ಮೇಜೇ ಇರಲಿಲ್ಲ. ಕಂಪನಿ ಹಿಂದಿನ ಶುಕ್ರವಾರ ಅವನನ್ನೂ ಅವನ ಜೊತೆಯ ನಲವತ್ತು ಜನರನ್ನೂ ಮನೆಗೆ ಕಳಿಸಿ ಕಂಪ್ಯೂಟರ್ ಕೂರಿಸಿತ್ತು. ಕಂಪ್ಯೂಟರಿಗೆ ಕಿಂಡಿ ಗೊತ್ತಿಲ್ಲ. ಕಾಗದ ಕಮ್ಮಿಯಿದ್ದರೆ ಕೇಳುವುದಿಲ್ಲ, ಫೈಲನ್ನೇ ಮುಚ್ಚಿಬಿಡುತ್ತದೆ, ಇವಳದ್ದನ್ನೂ ಮುಚ್ಚಿತ್ತು. ಮತ್ತೆ ಹೊಸದಾಗಿ ಹಾಕಿದರೆ ಸರದಿಯ ಕೊನೆಗೆ, ಮೂರು ದಿನ.

ಫೈಲು ಪೂರ್ತಿ ಮಾಡಿ ಮತ್ತೆ ಹಾಕಿದೆ, ಮೆಟ್ಟಿಲು ಹಾರಿ ಹಣಕಾಸು ಮುಖ್ಯಸ್ಥರ ಕೋಣೆಗೆ ಓಡಿದೆ. "ಸಾರ್, ಅನುಮತಿ ಬರೋ ಮುಂಚೆ ಆಪರೇಷನ್ ಮಾಡಿಬಿಡ್ಲಿ. ನಮ್ಮವಳೇ ಅವಳು."

"ಗುತ್ತಿಗೆಯವಳು," ಎಂದು ಅವರು ತಿದ್ದಿದರು. "ಅನುಮತಿ ಇಲ್ದಿದ್ರೆ ಮುಂಗಡ ಕಟ್ಬೇಕು. ನಿಯಮ ನಿಮಗೆ ನಾನು ಹೇಳ್ಕೊಡ್ಬೇಕಾ?" ಈ ಸಲ ಕುರ್ಚಿ ತೋರಿಸಲಿಲ್ಲ.

ಮುಂಗಡಕ್ಕೆ ನಮ್ಮ ವಿಭಾಗದವರೆಲ್ಲ ಕೈಲಾದಷ್ಟು ಹಾಕಿದೆವು. ಅರ್ಧವೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ಅನುಮತಿ ಬಂತು. ಅಷ್ಟರಲ್ಲಿ ಪಾದ ಕಪ್ಪಾಗಿತ್ತು, ಸರ್ಜನ್ ಮಂಡಿಯ ಕೆಳಗೆ ಕಾಲು ತೆಗೆದರು. ಕಾಲು ತೆಗೆಯುವುದಕ್ಕೂ ಬೇರೆ ಅನುಮತಿ ಬೇಕಾಗಿತ್ತು. ಅದು ಇಪ್ಪತ್ತು ನಿಮಿಷದಲ್ಲಿ ಬಂತು.

ಭಾನುವಾರ ವಾರ್ಡಿಗೆ ಹೋದೆ. ನಲವತ್ತು ಹಾಸಿಗೆಗೆ ಮೂವರು ನರ್ಸುಗಳು, ಯಾರೂ ನಿಂತಲ್ಲಿ ನಿಂತಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು. ಹೊದ್ದ ಬಟ್ಟೆಯ ಅಂಚನ್ನು ಕೈಯಲ್ಲಿ ಹಿಡಿದು ಕಲೆ ಹೋಗಿದೆಯೇ ಎಂದು ನೋಡುತ್ತಿದ್ದಳು, ಕೆಲಸದ ಅಭ್ಯಾಸ.

ನಾನು ಪೀಠಿಕೆ ಹಾಕಲಿಲ್ಲ. "ನಿನ್ನ ಫೈಲಿಂದ ಒಂದು ಕಾಗದ ನಾನೇ ತೆಗೆದಿಟ್ಟಿದ್ದೆ," ಎಂದೆ. ಯಾಕೆ ತೆಗೆದಿಟ್ಟೆ, ಏನಾಯಿತು, ಎಲ್ಲ ಹೇಳಿದೆ.

"ಎಲ್ಲರ ಫೈಲಿಗೂ ಹಂಗೇ ಮಾಡ್ತಿದ್ರಾ ಅಕ್ಕ?"

"ಹೂಂ."

"ಎಷ್ಟು ವರ್ಷದಿಂದ?"

"ಹದಿನೈದು."

ಅವಳು ಹೊದಿಕೆಯ ಅಂಚನ್ನು ಮಡಚಿಟ್ಟಳು. "ಹಂಗಾದ್ರೆ ಎಲ್ಲರದ್ದೂ ಒಂದೊಂದು ದಿನ ಹೋಗಿದೆ," ಎಂದಳು. "ನಂದು ಕಾಲು ಹೋಯ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡು ಬಂದು ಎರಡು ದಿನ ಅತ್ತು ಹಗುರಾಗುತ್ತಿದ್ದೆ. ಅವಳು ನೀರು ಕೊಡಿ ಎಂದು ಕೇಳಿದಳು, ನಾನು ಲೋಟ ಕೊಟ್ಟೆ, ಕುಡಿದು ಆಚೆ ತಿರುಗಿ ಮಲಗಿದಳು. ನನಗೆ ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಹನ್ನೊಂದು ಕಂಪನಿಗಳ ಮೇಲೆ, ಆಮೇಲೆ ಆ ಕುರ್ಚಿಯ ಮೇಲೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವುದು ಎಲ್ಲರಿಗೂ ಗೊತ್ತು, ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಇದು ಮಂಗಳವಾರದವರೆಗೂ ಇಳಿಯಲಿಲ್ಲ.

ಮಂಗಳವಾರ ಪುರಭವನ ತುಂಬಿತ್ತು. ಆಸ್ಪತ್ರೆಯ ಎರಡು ವ್ಯಾನಿನಲ್ಲಿ ನಮ್ಮ ವಿಭಾಗವನ್ನೆಲ್ಲ ತಂದಿದ್ದರು. 'ನಮ್ಮ ಕೆಲಸ ಉಳಿಸಿ' ಎಂಬ ಫಲಕ ಎಲ್ಲರ ಕೈಯಲ್ಲೂ ಇತ್ತು. ವೇದಿಕೆಯ ಮೇಲೆ ಐದು ಜನ ಸಮಿತಿಯವರು, ಮಧ್ಯದಲ್ಲಿ ಅಧ್ಯಕ್ಷೆ. ಮುಂದಿನ ಸಾಲಿನಲ್ಲಿ ಹಣಕಾಸು ಮುಖ್ಯಸ್ಥರು ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು. ನನ್ನ ಸರದಿ ಬಂತು. ಹಾಳೆ ಬಿಚ್ಚಿದೆ. ನನ್ನ ಗಂಡನ ಸಿಳ್ಳೆ ಕಿವಿಯಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಸಾಲು ಓದಿಯೂಬಿಟ್ಟೆ. ಎರಡನೆಯ ಸಾಲು ಬಾಯಿಗೆ ಬರಲಿಲ್ಲ. ಹಾಳೆ ಮಡಚಿಟ್ಟೆ.

"ಇದು ನಾನು ಬರೆದದ್ದಲ್ಲ," ಎಂದೆ. "ನನಗೆ ಗೊತ್ತಿರೋದು ಹೇಳ್ತೀನಿ. ನಾಲ್ಕನೇ ಮಹಡೀಲಿ ನಾವು ಇಪ್ಪತ್ತೊಂದು ಜನ ಕಾಗದ ಕಳಿಸ್ತೀವಿ. ಆ ಕಡೆ ಇನ್ನಷ್ಟು ಜನ ಕಾಗದ ವಾಪಸ್ ಕಳಿಸ್ತಾರೆ. ಇಬ್ಬರ ಸಂಬಳಾನೂ ಒಬ್ಬ ರೋಗಿ ಜೇಬಿಂದಾನೇ ಬರೋದು. ನಮ್ಮ ಆಸ್ಪತ್ರೇಲಿ ಬಿಲ್ಲು ನೂರು ಅಂದ್ರೆ ಹದಿನಾಲ್ಕು ನಮ್ಮ ಮಹಡಿಗೇ ಹೋಗುತ್ತೆ. ಹತ್ತು ವರ್ಷದ ಲೆಕ್ಕ ನನ್ನ ಹತ್ರ ಇದೆ. ಆ ಕಡೆಯವರ ಪಾಲು ಬೇರೆ. ಕೆಳಗೆ ವಾರ್ಡಲ್ಲಿ ನಲವತ್ತು ಜನಕ್ಕೆ ಮೂವರು ನರ್ಸು. ಯಾಕೆ ಅಂತ ಕೇಳಿದ್ರೆ ದುಡ್ಡಿಲ್ಲ ಅಂತಾರೆ."

ಆಮೇಲೆ ಕಿಂಡಿಯ ವಿಷಯ ಹೇಳಿದೆ. ನನ್ನ ವಿಭಾಗದ ಹುಡುಗಿಯರು ತಲೆ ತಗ್ಗಿಸಿದರು. ಲಾಂಡ್ರಿಯವಳ ಕಾಲಿನ ವಿಷಯವನ್ನೂ ಹೇಳಿದೆ. "ಆ ಕಾಗದ ತೆಗೆದಿಟ್ಟ ಕೈ ಇದೇ," ಎಂದು ಕೈ ಎತ್ತಿ ತೋರಿಸಿದೆ. ಸಭೆಯಲ್ಲಿ ಗುಸುಗುಸು ಎದ್ದಿತು.

ಸಮಿತಿಯ ದಪ್ಪ ಕನ್ನಡಕದವರು ಮೈಕಿಗೆ ಬಾಗಿದರು. "ಒಂದೇ ನಿಧಿ ಬಂದ್ರೆ ತೆರಿಗೆ ಏರುತ್ತಲ್ಲಮ್ಮ, ಜನ ಒಪ್ತಾರಾ?"

"ಈಗೇನು ಪುಕ್ಕಟೆನಾ ಸಾರ್? ಪ್ರತಿ ತಿಂಗಳು ನನ್ನ ಸಂಬಳದಲ್ಲಿ ವಿಮೆ ಅಂತ ಮುರ್ಕೊಳ್ತಾರೆ. ಅದನ್ನ ತೆರಿಗೆ ಅನ್ನಿ, ಕಂತು ಅನ್ನಿ, ನನ್ನ ಕೈ ಬಿಟ್ಟು ಹೋಗೋದು ಅದೇ ದುಡ್ಡು. ಒಂದೇ ವ್ಯತ್ಯಾಸ. ಕಂತು ಕಟ್ಟಿದ್ರೆ ನೌಕರಿ ಇರೋವರೆಗೆ ಔಷಧಿ. ತೆರಿಗೆ ಕಟ್ಟಿದ್ರೆ ಉಸಿರು ಇರೋವರೆಗೆ."

"ಸರ್ಕಾರದ ನಿಧೀನೂ ಅನುಮತಿ ಕೊಡಲ್ಲ ಅಂದ್ರೆ? ಅಲ್ಲೂ ಸರದಿ ಇರುತ್ತೆ, ಅಲ್ಲೂ ಗುಮಾಸ್ತರು ಇರ್ತಾರೆ."

"ಇರ್ತಾರೆ. ಅವರೇನು ದೇವರಾಗಿರಲ್ಲ. ಆದ್ರೆ ಈಗ ಹನ್ನೊಂದು ಬಾಗಿಲು ಸಾರ್, ಒಬ್ಬೊಬ್ಬರು ಒಂದೊಂದರ ಮುಂದೆ ಒಂಟಿಯಾಗಿ ನಿಂತು ಬಡೀತೀವಿ. ಒಂದೇ ಬಾಗಿಲಾದ್ರೆ ಊರಿಗೆ ಊರೇ ಬಂದು ಬಡೀಬಹುದು. ಕದ ತೆಗೀದಿದ್ರೆ ಮುರೀಬಹುದು."

ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಅಧ್ಯಕ್ಷೆ ಕೈ ಎತ್ತಿ ಸುಮ್ಮನಿರಿಸಿದರು. "ನಿಮ್ಮ ವಿಭಾಗದ ಇಪ್ಪತ್ತೊಂದು ಕೆಲಸಗಳ ಗತಿ ಏನು?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ನಾನು ಹಾರಿಕೆ ಉತ್ತರ ಕೊಡಲಿಲ್ಲ.

"ಹೋಗುತ್ತೆ. ಎಲ್ಲಾ ಅಲ್ಲದಿದ್ರೂ ಸುಮಾರು ಹೋಗುತ್ತೆ. ಇವರಿಗೆ ಬೇರೆ ಕೆಲಸ ಕೊಡೋದನ್ನ ಮಸೂದೇಲೇ ಬರೀರಿ, ಬರೆಯೋವರೆಗೂ ನಾನು ಬಿಡಲ್ಲ. ಕೆಳಗೆ ವಾರ್ಡಲ್ಲಿ ಕೈ ಸಾಲ್ತಿಲ್ಲ, ಇವರು ರೋಗಿ ಫೈಲನ್ನ ಡಾಕ್ಟರಿಗಿಂತ ಚೆನ್ನಾಗಿ ಓದ್ತಾರೆ. ಆದ್ರೆ ಕೆಲಸ ಉಳಿಸೋಕೆ ಅಂತ ಹನ್ನೊಂದು ಕಂಪನಿ ಇಟ್ಕೊಂಡಿದ್ದೀವಿ ಅಂದ್ರೆ ನಾನು ನಂಬಲ್ಲ. ಆ ಕಡೆ ಒಬ್ಬ ನನ್ನ ಹಾಗೇ ಇದ್ದ. ಅವನ ಜೊತೆ ನಲವತ್ತು ಜನಾನ ಒಂದೇ ಶುಕ್ರವಾರ ಮನೆಗೆ ಕಳಿಸಿದ್ರು. ಅವತ್ತು ಯಾವ ವ್ಯಾನು ಬಂತು? ಯಾರು ಫಲಕ ಹಿಡಿದ್ರು?"

ಮುಂದಿನ ಸಾಲಿನಲ್ಲಿ ಕಾಲ ಮೇಲಿನ ಕಾಲು ಇಳಿದಿತ್ತು.

ಹೊರಗೆ ಬಂದಾಗ ಮುಖ್ಯಸ್ಥರು ಮೆಟ್ಟಿಲ ಹತ್ತಿರ ಕಾದಿದ್ದರು. ಕಿರುಚಲಿಲ್ಲ, ಅವರು ಕಿರುಚುವವರಲ್ಲ. "ಫೈಲಿಂದ ಕಾಗದ ತೆಗೆದೆ ಅಂತ ನೀವೇ ಎಲ್ಲರ ಮುಂದೆ ಒಪ್ಕೊಂಡ್ರಿ. ಇವತ್ತಿಂದ ಬರೋದು ಬೇಡ," ಎಂದರು. "ಯಾರ ವಿಮೆ ಕಿತ್ತಾಕಿದ್ರಿ ಅಂತ ಗೊತ್ತಲ್ಲ?"

"ಚೆನ್ನಾಗಿ ಗೊತ್ತು ಸಾರ್. ಇಪ್ಪತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದೀನಿ," ಎಂದೆ. ಬೇಗ ಬೇಗ ಮೆಟ್ಟಿಲಿಳಿದೆ.

ಮನೆಗೆ ಬರುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಫೋನ್ ಮಾಡಲು ಜನರಿಗೇನು ಬರವೇ? ನನ್ನ ಗಂಡ ಊಟದ ಮೇಜಿನ ಮುಂದೆ ಕೂತಿದ್ದ, ಎದುರಿಗೆ ಏನೂ ಇರಲಿಲ್ಲ.

"ಕಿಡ್ನಿ ಹೋಗಿರೋದು ನಂದು," ಎಂದ. "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಅಲ್ಲಿ ನಿಂತಾಗ ತೀರ್ಮಾನ ಆಗಿದ್ದು ರೀ. ಕೇಳೋಕೆ ಪುರುಸೊತ್ತಿರಲಿಲ್ಲ. ಕೇಳಿದ್ರೆ ನೀವು ಹೂಂ ಅಂತಿದ್ರಿ ಅಂದ್ಕೊಂಡೆ."

"ಅಂತಿರಲಿಲ್ಲ." ಅವನು ನನ್ನನ್ನೇ ನೋಡಿದ. "ಖಂಡಿತ ಬೇಡ ಅಂತಿದ್ದೆ. ಕಣ್ಣು ಮುಚ್ಕೊಂಡು ಆ ಹಾಳೆ ಓದು ಅಂತಿದ್ದೆ. ನಂಗೆ ಬದುಕ್ಬೇಕು ಕಣೇ. ನಂಗೆ ಭಯ ಆಗುತ್ತೆ."

ಮದುವೆಯಾಗಿ ಮೂವತ್ತೊಂದು ವರ್ಷ. ಕಡಿದಾದ ರಸ್ತೆಯಲ್ಲಿ ಬ್ರೇಕು ಹೋದ ಬಸ್ಸನ್ನು ನಿಲ್ಲಿಸಿದ್ದ ಕಥೆ ನೂರು ಸಲ ಹೇಳಿದ್ದಾನೆ, ಒಂದು ಸಲವೂ ಭಯ ಎಂಬ ಪದ ಅದರಲ್ಲಿ ಬಂದಿಲ್ಲ. ನಾನು ಅತ್ತೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಆದರೆ ತಪ್ಪಾಗಿರಲಿಲ್ಲ. ಮಾಡಿದ್ದು ಸರಿ, ಅವನಿಗೆ ಮಾಡಿದ್ದು ಅನ್ಯಾಯ. ಎರಡೂ ನಿಜ. ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಎರಡನ್ನೂ ಹೇಳಿದೆ.

ಅವನು ಎದ್ದು ಅನ್ನಕ್ಕಿಟ್ಟ. ತಟ್ಟೆ ಹಾಕಿದ. ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ, "ನಾಳೆ ಯಾರ ಸರದಿ ಅಂದೆ?" ಎಂದು ಕೇಳಿದ.

"ರೋಗಿಗಳದ್ದು."

"ನಾಳೆ ಬೆಳಿಗ್ಗೆ ನಂಗೆ ಮಿಷನ್ ಇದೆ. ಹನ್ನೆರಡಕ್ಕೆ ಮುಗಿಯುತ್ತೆ," ಎಂದ. "ಆಟೋ ಹೇಳಿಡು."

ಬುಧವಾರ ಡಯಾಲಿಸಿಸ್ ಮುಗಿದಾಗ ಅವನ ಮುಖ ಬಿಳುಚಿಕೊಂಡಿತ್ತು. ಹಾಗಾದ ದಿನ ಸಾಮಾನ್ಯವಾಗಿ ಸಂಜೆಯವರೆಗೂ ಮಲಗುತ್ತಾನೆ. ಮನೆಗೆ ಹೋಗೋಣ ಎಂದೆ, ಕೇಳಲಿಲ್ಲ. ತೋಳಿನ ಪಟ್ಟಿ ಹಾಗೇ ಇತ್ತು, ಅಂಗಿಯ ತೋಳನ್ನು ಅದರ ಮೇಲಕ್ಕೆ ಮಡಚಿಕೊಂಡ. ಪುರಭವನದ ಮೆಟ್ಟಿಲನ್ನು ಎರಡು ಕಡೆ ನಿಂತು ನಿಂತು ಹತ್ತಿದ. ಒಳಗೆ ಫಲಕಗಳಿರಲಿಲ್ಲ. ಊರುಗೋಲು, ಎಕ್ಸ್‌ರೇ ಕವರು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡ ತಾಯಂದಿರು, ಸಾಲು ಬಾಗಿಲಿನಿಂದ ಹೊರಗೆ ರಸ್ತೆಯವರೆಗೂ ಇತ್ತು. ನಿನ್ನೆಯ ಮಾತು ಊರೆಲ್ಲ ಹರಡಿತ್ತು. ನನ್ನ ವಿಭಾಗದ ಹುಡುಗಿಯರಲ್ಲಿ ನಾಲ್ವರು ರಜೆ ಹಾಕಿ ಬಂದು ಸಾಲಿನವರ ಕಾಗದ ಜೋಡಿಸಿಕೊಡುತ್ತಿದ್ದರು, ಒಂದೂ ಬಿಡದೆ.

ಹೆಸರು ಬರೆಸುವ ಮೇಜಿನ ಹತ್ತಿರ ಗುಮಾಸ್ತೆ ತಲೆ ಎತ್ತದೆ ಕೇಳಿದಳು, "ಯಾವ ಸಂಸ್ಥೆ ಪರವಾಗಿ?"

"ಯಾರ ಪರವಾಗೂ ಅಲ್ಲ."

"ಏನಾದ್ರೂ ಬರೀಬೇಕಲ್ಲ ಸಾರ್. ಇವತ್ತು ಜನ ಜಾಸ್ತಿ. ಮುಂದಿನ ತಿಂಗಳು ಇನ್ನೊಂದು ಸಭೆ ಇದೆ, ಅದಕ್ಕೆ ಬರ್ತೀರಾ?"

ನನ್ನ ಗಂಡ ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತ.

"ರೋಗಿ ಅಂತ ಬರ್ಕೊಳ್ಳಮ್ಮ. ಇವತ್ತೇ ಮಾತಾಡ್ತೀನಿ," ಎಂದ. "ನನ್ನ ವಿಮೆ ಇನ್ನು ಎಂಟೇ ದಿನ ಇರೋದು."